ಇಥಿಯೋಪಿಯಾದ ಕಾಫಿಗೆ ನಿಂಬೆಯ ಕಂಪು ಎಲ್ಲಿಂದ ಬಂತು?

ಇಥಿಯೋಪಿಯಾದಲ್ಲಿ ಮನೆಗೆ ನೆಂಟರು ಬಂದರೆ ಕಾಫಿಯ ಕೆಲಸ ಅವರ ಕಣ್ಣೆದುರೇ, ಹಸಿ ಬೀಜದಿಂದಲೇ ಶುರುವಾಗುತ್ತದೆ. ನೆಲದ ಮೇಲೆ ಹಸಿರು ಹುಲ್ಲು ಹರಡುತ್ತಾರೆ. ಮನೆಯ ಹೆಂಗಸರಲ್ಲಿ ಒಬ್ಬರು ಪುಟ್ಟ ಮಣೆಯ ಮೇಲೆ ಕುಳಿತು, ಕೆಂಡದ ಒಲೆಗೆ ಬಾಣಲೆ ಏರಿಸಿ, ತೊಳೆದ ಬೀಜಗಳನ್ನು ಹಾಕಿ ಕೈಯಾಡಿಸುತ್ತಾರೆ. ಬೂದುಹಸಿರು ಬೀಜ ಹಳದಿಯಾಗುತ್ತದೆ, ಕಂದಾಗುತ್ತದೆ, ಚಟಪಟ ಸಿಡಿಯುತ್ತದೆ. ಹದಕ್ಕೆ ಬಂದ ಕೂಡಲೇ ಬಾಣಲೆಯನ್ನು ಎತ್ತಿ ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಾರೆ. ನೆಂಟರು ಆ ಹೊಗೆಯನ್ನು ಅಂಗೈಯಿಂದ ಮೂಗಿನತ್ತ ಎಳೆದುಕೊಂಡು ಮೂಸುತ್ತಾರೆ. ಆಮೇಲೆ ಬೀಜವನ್ನು ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿ ಕೊಡುತ್ತಾರೆ. ಜೊತೆಗೆ ಜೋಳದ ಅರಳು. ಒಂದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು ಕುಡಿಯುತ್ತಾರೆ. ಒಂದೊಂದು ಸುತ್ತಿಗೂ ಹೆಸರುಂಟು: ಅಬೋಲ್, ತೋನಾ, ಬರಕಾ.

ಕುಡಿಯುವ ಮೊದಲು ಮೂಸುವುದು ಬರೀ ಸಂಪ್ರದಾಯವಲ್ಲ, ಅದರಲ್ಲಿ ಒಳ್ಳೆಯ ವಿಜ್ಞಾನವೂ ಇದೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಮುಚ್ಚಿಕೊಂಡು ಏಲಕ್ಕಿಯ ಕಾಳುಗಳನ್ನು ಬಾಯಿಗೆ ಹಾಕಿ ಜಗಿಯಿರಿ. ನಾಲಗೆ ಚುರುಗುಟ್ಟೀತು, ಆದರೆ ಏಲಕ್ಕಿಯ ಪರಿಮಳ ಸಿಗುವುದಿಲ್ಲ. ಜಗಿಯುತ್ತಲೇ ಮೂಗು ಬಿಡಿ. ತಟ್ಟನೆ ಏಲಕ್ಕಿ ಎದ್ದು ಬರುತ್ತದೆ! ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಜಪಾನೀಯರು ಉಮಾಮಿ ಎನ್ನುವ ಇನ್ನೊಂದು ರುಚಿ, ಇಷ್ಟೇ ನಾಲಗೆಗೆ ಗೊತ್ತು. ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಆವಿಯ ಕೆಲಸ. ನಾವು 'ಕಾಫಿಯ ರುಚಿ' ಎನ್ನುವುದರಲ್ಲಿ ಬಹುಪಾಲು ಕಾಫಿಯ ವಾಸನೆಯೇ.

ಆ ವಾಸನೆ ಊರಿಂದ ಊರಿಗೆ ಬದಲಾಗುತ್ತದೆ. ದಕ್ಷಿಣ ಇಥಿಯೋಪಿಯಾದ ಇರ್ಗಚೆಫೆ ಎಂಬಲ್ಲಿ ಬೆಳೆದ ಕಾಫಿಯನ್ನು ಹಗುರವಾಗಿ ಹುರಿದು, ಹಾಲು ಹಾಕದೆ ಕುಡಿದವರು ಮಲ್ಲಿಗೆ, ನಿಂಬೆಸಿಪ್ಪೆ ಎಂದೆಲ್ಲ ಹೇಳುತ್ತಾರೆ. ದೇಶದ ಪೂರ್ವಕ್ಕಿರುವ ಹರಾರ್ ಸೀಮೆಯ ಕಾಫಿಗೆ ಕಳಿತ ಬೆರಿಹಣ್ಣಿನ ಕಂಪು. ಯಾರೂ ಅದಕ್ಕೆ ನಿಂಬೆ ಹಿಂಡಿಲ್ಲ, ಹಣ್ಣಿನ ರಸ ಬೆರೆಸಿಲ್ಲ. ಹಾಗಾದರೆ ಇವೆಲ್ಲ ಎಲ್ಲಿಂದ ಬಂದವು?

ಮೊದಲು ಕಾಡಿಗೆ ಹೋಗೋಣ. ಇಥಿಯೋಪಿಯಾದ ನೈಋತ್ಯ ಮೂಲೆಯಲ್ಲಿ ಕಾಫಾ ಎಂಬ ಮಲೆನಾಡಿದೆ. ಅಲ್ಲಿನ ದೊಡ್ಡ ಮರಗಳ ನೆರಳಿನಲ್ಲಿ ಅರೇಬಿಕಾ ಕಾಫಿ ತಾನಾಗಿಯೇ ಬೆಳೆಯುತ್ತದೆ. ನೆಟ್ಟವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಹಣ್ಣು ಉದುರಿದಲ್ಲಿ ಸಸಿ ಏಳುತ್ತದೆ, ಹಕ್ಕಿಗಳೂ ಕೋತಿಗಳೂ ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಆಡು ಕಾಯುವ ಕಾಲ್ದಿ ಎಂಬ ಹುಡುಗನ ಕಥೆಯನ್ನು ನೀವು ಕೇಳಿರಬಹುದು. ಅವನ ಆಡುಗಳು ಕೆಂಪು ಹಣ್ಣು ತಿಂದು ಕುಣಿದವಂತೆ, ಕಾಫಿ ಪತ್ತೆಯಾದದ್ದು ಹಾಗಂತೆ. ಕಥೆ ಚೆನ್ನಾಗಿದೆ. ಆದರೆ ಅಂಥದೊಂದು ಕಥೆ ಅಚ್ಚಾದದ್ದು 1671ರಲ್ಲಿ, ದೂರದ ರೋಮ್ ನಗರದಲ್ಲಿ. ಅಷ್ಟು ಹೊತ್ತಿಗೆ ಜನ ಕಾಫಿ ಕುಡಿಯಲು ಶುರುಮಾಡಿ ಇನ್ನೂರು ವರ್ಷವಾದರೂ ಆಗಿತ್ತು.

ನನಗೆ ಅದಕ್ಕಿಂತ ಸೊಗಸಾಗಿ ಕಾಣುವುದು ಗಿಡದ ಹುಟ್ಟಿನ ಕಥೆ. ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ಕಾಡಿನಲ್ಲಿ ಎರಡು ಬೇರೆ ಬೇರೆ ಜಾತಿಯ ಕಾಫಿ ಗಿಡಗಳ ನಡುವೆ ಪರಾಗಸ್ಪರ್ಶವಾಯಿತು. ಒಂದು ರೊಬಸ್ಟಾ, ಇನ್ನೊಂದು ಯೂಜಿನಿಯಾಯ್ಡಿಸ್ ಎಂಬ ಸಣ್ಣ ಬೀಜದ, ಕಹಿ ಕಡಿಮೆಯಿರುವ ಗಿಡ. ಎರಡರ ಜೀವಕೋಶಗಳಲ್ಲೂ 22 ವರ್ಣತಂತುಗಳಿವೆ. ಸಾಮಾನ್ಯವಾಗಿ ಮಕ್ಕಳಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಇಲ್ಲಿ ಹಾಗಾಗಲಿಲ್ಲ, ಇಬ್ಬರದೂ ಪೂರ್ತಿ ಉಳಿದುಕೊಂಡಿತು. ಹಾಗೆ 44 ವರ್ಣತಂತುಗಳಿರುವ ಹೊಸ ಜಾತಿಯೇ ಹುಟ್ಟಿತು. ಅದೇ ಅರೇಬಿಕಾ. ಅದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಬೆಟ್ಟ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1930 ಮೀಟರ್ ಎತ್ತರದಲ್ಲಿದೆ. ಇರ್ಗಚೆಫೆ ಸುತ್ತಿನ ಅನೇಕ ಕಾಫಿ ತೋಟಗಳು ಇರುವುದೇ ಆ ಎತ್ತರದಲ್ಲಿ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿ ಹಿಮ ಬಿದ್ದು ಗಿಡ ಸಾಯುವುದಿಲ್ಲ. ಎತ್ತರವಾದ್ದರಿಂದ ರಾತ್ರಿ ಚಳಿ ಇರುತ್ತದೆ. ಚಳಿಯಲ್ಲಿ ಹಣ್ಣು ಅವಸರವಿಲ್ಲದೆ, ತಿಂಗಳುಗಟ್ಟಲೆ ಮಾಗುತ್ತದೆ. ಒಳಗಿನ ಬೀಜ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಸಕ್ಕರೆಯೂ ಹುಳಿಯೂ ಕೂಡುತ್ತವೆ. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ, ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಎರಡೂ ಕಾಫಿ ಬೀಜದಲ್ಲಿವೆ. ನಿಂಬೆಯ ನೆನಪಿಗೆ ಕಾರಣ ಅರ್ಧ ಇಲ್ಲೇ ಸಿಕ್ಕಿತು. ಇನ್ನರ್ಧ ಪರಿಮಳದ್ದು. ಲಿನಲೂಲ್ ಎಂಬ ವಸ್ತುವೊಂದಿದೆ. ಅದು ಮಲ್ಲಿಗೆಯಲ್ಲಿದೆ, ನಿಂಬೆಯ ಬಳಗದ ಬರ್ಗಮಾಟ್ ಹಣ್ಣಿನ ಸಿಪ್ಪೆಯಲ್ಲಿದೆ, ನಮ್ಮ ಸಾರಿಗೆ ಹಾಕುವ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಧಾರಾಳವಾಗಿದೆ, ಕಾಫಿಯಲ್ಲೂ ಇದೆ. ನಿಮ್ಮ ಮೂಗು ಕಾಫಿಯಲ್ಲಿ ಹೂವನ್ನು ಗುರುತಿಸಿದರೆ ಅದು ಕಲ್ಪನೆಯಲ್ಲ.

ಹರಾರ್‌ನ ಬೆರಿಹಣ್ಣಿನ ಕಂಪಿಗೆ ಕಾರಣ ಬೇರೆ, ಅದು ಕಣದಲ್ಲಿ ಹುಟ್ಟುವಂಥದ್ದು. ಒಂದು ಕಾಫಿ ಹಣ್ಣನ್ನು ಬೆರಳಲ್ಲಿ ಹಿಚುಕಿ ನೋಡಿ. ಕೆಂಪು ಸಿಪ್ಪೆಯ ಒಳಗಿಂದ ಎರಡು ಬೀಜ ಜಾರಿ ಬರುತ್ತವೆ, ಮೈತುಂಬ ಸಿಹಿ ಲೋಳೆ. ಲೋಳೆಯ ಕೆಳಗೆ ಗರಿಗರಿ ಹೊಟ್ಟು, ಅದರ ಕೆಳಗೆ ಬೀಜಕ್ಕೆ ಅಂಟಿಕೊಂಡ ತೆಳು ಬೆಳ್ಳಿ ಪೊರೆ. ಇರ್ಗಚೆಫೆಯಲ್ಲಿ ಹೆಚ್ಚಾಗಿ ಸಿಪ್ಪೆ ಸುಲಿದು, ಲೋಳೆ ಬಿಡುವವರೆಗೆ ನೀರಿನ ತೊಟ್ಟಿಯಲ್ಲಿ ನೆನೆಸಿ, ತೊಳೆದು, ಬೀಜವನ್ನಷ್ಟೇ ಒಣಗಿಸುತ್ತಾರೆ. ಅದರಿಂದ ರುಚಿ ತಿಳಿಯಾಗಿ, ಹುಳಿ ಎದ್ದು ಕಾಣುವಂತಿರುತ್ತದೆ. ಹರಾರ್ ಕಡೆ ನೀರು ಕಡಿಮೆ. ಅಲ್ಲಿ ಇಡೀ ಹಣ್ಣನ್ನೇ ವಾರಗಟ್ಟಲೆ ಬಿಸಿಲಿಗೆ ಹರವುತ್ತಾರೆ, ನಮ್ಮ ಮಲೆನಾಡಿನ ಕಣಗಳಲ್ಲಿ ಚೆರ್ರಿ ಕಾಫಿ ಒಣಗಿಸುವ ಹಾಗೆಯೇ. ಹಣ್ಣು ಒಣಗುವಾಗ ಅದರ ಸಕ್ಕರೆಯನ್ನು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ತಿಂದು ಎಸ್ಟರ್ ಎಂಬ ಪರಿಮಳದ ವಸ್ತುಗಳನ್ನು ಮಾಡುತ್ತವೆ. ಕಳಿತ ಬಾಳೆಹಣ್ಣಿನ ಘಮವೂ ಎಸ್ಟರ್‌ನದೇ. ಹಣ್ಣಿನೊಳಗೇ ಉಳಿದ ಬೀಜಕ್ಕೂ ಅದು ಹತ್ತುತ್ತದೆ. ಆದರೆ ದಿನಕ್ಕೆ ಹಲವು ಸಲ ಕೈಯಾಡಿಸಬೇಕು, ಒದ್ದೆ ಕುಳಿತರೆ ಬೂಷ್ಟು ಹಿಡಿದು ಎಲ್ಲ ಹಾಳು. ಹೀಗೆ ಬಿಸಿಲಿನಲ್ಲಿ ದಿನವಿಡೀ ನಿಂತು ಹಣ್ಣು ಮಗುಚುವವರ ತಾಳ್ಮೆಯೂ ಆ ಬಟ್ಟಲಿನ ರುಚಿಯಲ್ಲಿದೆ. ಅವರ ಹೆಸರು ಯಾವ ಪೊಟ್ಟಣದ ಮೇಲೂ ಇರುವುದಿಲ್ಲವಲ್ಲ ಎಂಬುದು ನನಗೆ ಬೇಸರದ ಸಂಗತಿ.

ಇಷ್ಟಾದರೂ ಒಣಗಿದ ಹಸಿ ಬೀಜವನ್ನು ಮೂಸಿದರೆ ಕಾಫಿಯ ವಾಸನೆ ಬರುವುದಿಲ್ಲ! ಒಣಹುಲ್ಲಿನ, ಹಸಿ ಬಟಾಣಿಯ ವಾಸನೆ ಅಷ್ಟೇ. ಉಳಿದದ್ದು ಬೆಂಕಿಯ ಕೆಲಸ. ಕಾದ ಕಾವಲಿಯ ಮೇಲೆ ದೋಸೆ ಕೆಂಪಾಗುವುದು ಮೈಯಾರ್ ಕ್ರಿಯೆಯಿಂದ, ಅಂದರೆ ಸಕ್ಕರೆಯೂ ಪ್ರೋಟೀನಿನ ತುಣುಕುಗಳೂ ಶಾಖದಲ್ಲಿ ಸೇರಿ ಹೊಸ ಬಣ್ಣ, ಹೊಸ ವಾಸನೆ ಕಟ್ಟುವುದರಿಂದ. ಕಾಫಿ ಬೀಜದೊಳಗೆ ನಡೆಯುವುದೂ ಇದೇ. ಹೊತ್ತು ಕಳೆದಂತೆ ಒಳಗಿನ ನೀರು ಆವಿಯಾಗಿ ಒತ್ತಡ ಏರಿ, 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬೀಜ ಟಪ್ ಎಂದು ಬಿರಿಯುತ್ತದೆ. ಆ ನೆಂಟರು ಕೇಳಿಸಿಕೊಂಡ ಚಟಪಟ ಇದೇ. ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಬಗೆಯ, ಆವಿಯಾಗಿ ಹಾರಬಲ್ಲ ವಸ್ತುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹುರಿಯುವುದು ಹೆಚ್ಚಾದರೆ ಹುಳಿ ಅಳಿದು ಕಹಿ ಮುಂದಾಗುತ್ತದೆ, ಹೂವಿನ ಕಂಪೂ ಸುಟ್ಟುಹೋಗುತ್ತದೆ. ಚಿಕೋರಿ ಬೆರೆಸಿ ಹಾಲು ಸಕ್ಕರೆ ಹಾಕಿದ ನಮ್ಮ ಫಿಲ್ಟರ್ ಕಾಫಿ ರುಚಿಯೇ ಬೇರೆ, ಅದರಲ್ಲಿ ನಿಂಬೆ ಹುಡುಕಬಾರದು.

ಕಾಫಿಯ ಕಹಿಗೆ ಕೆಫೀನ್ ಕೂಡ ಒಂದು ಕಾರಣ. ಗಿಡಕ್ಕೆ ಅದು ಹುಳುಗಳನ್ನು ದೂರವಿಡುವ ವಿಷ. ಹೂವಿನ ಮಕರಂದದಲ್ಲಿ ಮಾತ್ರ ಅದು ತೀರಾ ಕಡಿಮೆ ಇರುತ್ತದೆ, ಅಷ್ಟು ಕೆಫೀನ್ ಕುಡಿದ ಜೇನುನೊಣ ಹೂವಿನ ವಾಸನೆಯನ್ನು ಹೆಚ್ಚು ದಿನ ನೆನಪಿಡುತ್ತದೆ ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮಕ್ಕಳ ನಿದ್ದೆಗೆ ಕೆಫೀನ್ ಒಳ್ಳೆಯದಲ್ಲ. ನೀವು ಸದ್ಯಕ್ಕೆ ಮೂಸಿ ಸಾಕು.

ಈಗ, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಗುಣಕ್ಕೆ ಬರೋಣ. ಇಥಿಯೋಪಿಯಾದ ಬೀಜ ಕೆಂಪು ಸಮುದ್ರ ದಾಟಿ ಯೆಮನ್ ಸೇರಿತು. ಅಲ್ಲಿಂದ 17ನೇ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಹೇಳುತ್ತಾರೆ. ಡಚ್ಚರು ಜಾವಾದಲ್ಲಿ ಬೆಳೆಸಿದರು, ಆಮ್‌ಸ್ಟರ್‌ಡ್ಯಾಮಿನ ಗಾಜಿನಮನೆಗೂ ಒಯ್ದರು. 1714ರಲ್ಲಿ ಅಲ್ಲಿಂದ ಒಂದು ಗಿಡ ಫ್ರಾನ್ಸಿನ ದೊರೆಗೆ ಉಡುಗೊರೆಯಾಯಿತು. ಕೆಲವು ವರ್ಷಗಳ ನಂತರ ದ ಕ್ಲಿಯು ಎಂಬ ಫ್ರೆಂಚ್ ಅಧಿಕಾರಿ ಪುಟ್ಟ ಸಸಿಯನ್ನು ಹಡಗಿನಲ್ಲಿ ಕೆರಿಬಿಯನ್ ದ್ವೀಪಕ್ಕೆ ಸಾಗಿಸಿದ. ದಾರಿಯಲ್ಲಿ ಕುಡಿಯುವ ನೀರಿಗೆ ಬರ ಬಂದಾಗ ತನ್ನ ಪಾಲಿನ ನೀರನ್ನೇ ಸಸಿಗೂ ಎರೆದೆ ಎಂದು ಅವನೇ ಬರೆದಿದ್ದಾನೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಕಾರಣ ಒಂದು ಗಿಡ ಉಳಿದರೂ ತೋಟ ಎಬ್ಬಿಸಬಹುದಿತ್ತು. ಅದೇ ಅನುಕೂಲ, ಅದೇ ತೊಡಕು. ಬೆರಳೆಣಿಕೆಯ ಗಿಡಗಳ ಸಂತಾನ ಜಗತ್ತಿನ ತುಂಬ ಹಬ್ಬಿತು, ಎಲ್ಲವೂ ಹತ್ತಿರದ ನೆಂಟರು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. 1869ರಲ್ಲಿ ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಎಲೆಯ ತುಕ್ಕುರೋಗ ಕಾಣಿಸಿಕೊಂಡಿತು. ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿನ ಕಾಫಿ ತೋಟಗಳು ನಾಶವಾಗಿ, ಆ ಜಾಗದಲ್ಲಿ ಟೀ ಗಿಡ ಬಂತು.

ಇಥಿಯೋಪಿಯಾದ ಕಾಡಿನಲ್ಲಿ ಹಾಗಿಲ್ಲ. ಅಲ್ಲಿ ಒಂದು ಗಿಡ ಇನ್ನೊಂದರಂತಿಲ್ಲ, ತೋಟದವರೂ ಕುರುಮೆ, ದೇಗಾ, ವೊಲಿಶೊ ಎಂದು ಹಣ್ಣು, ಎಲೆ ನೋಡಿ ನಾಡತಳಿಗಳನ್ನು ಹೆಸರಿಟ್ಟು ಕರೆಯುತ್ತಾರೆ. ಒಂದಕ್ಕೆ ರೋಗ ತಡೆಯುವ ಶಕ್ತಿ, ಇನ್ನೊಂದಕ್ಕೆ ಬರ ತಾಳುವ ಶಕ್ತಿ, ಮತ್ತೊಂದಕ್ಕೆ ಹೂವಿನ ಕಂಪು. ಅವರ ಕಾಫಿ ಇಷ್ಟೊಂದು ಬಗೆಯಲ್ಲಿ ಘಮಘಮಿಸಲು ಈ ವೈವಿಧ್ಯವೂ ದೊಡ್ಡ ಕಾರಣ. 2010ರಲ್ಲಿ ಯುನೆಸ್ಕೊ ಕಾಫಾ ಮತ್ತು ಯಾಯು ಕಾಡುಗಳನ್ನು ಜೀವಗೋಳ ಮೀಸಲು ಪ್ರದೇಶಗಳೆಂದು ಗುರುತಿಸಿತು. ಆದರೂ ಹೊಲಕ್ಕಾಗಿ ಮರ ಕಡಿಯುವುದು ನಿಂತಿಲ್ಲ, ಬಿಸಿಲೂ ಏರುತ್ತಿದೆ. ಜಗತ್ತಿನ 124 ಕಾಡುಕಾಫಿ ಜಾತಿಗಳಲ್ಲಿ ನೂರಕ್ಕೆ 60ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2019ರಲ್ಲಿ ತಿಳಿಸಿದರು. ಅವುಗಳಲ್ಲಿ ಕಾಡಿನ ಅರೇಬಿಕಾವೂ ಒಂದು.

ಆ ಕಾಡಿನ ಸಂಬಂಧ ನಮಗೆ ಬಾಬಾಬುಡನ್ ಕಾಲಕ್ಕೇ ಮುಗಿಯಲಿಲ್ಲ. ಕರ್ನಾಟಕದ ಬೆಳೆಗಾರರು 'ಸೆಲೆಕ್ಷನ್ 9' ಎಂಬ ತಳಿಯನ್ನು ಬಲ್ಲರು. ಇಥಿಯೋಪಿಯಾದ ತಫಾರಿಕೇಲಾ ಎಂಬ ಅರೇಬಿಕಾವನ್ನು ತಿಮೋರ್ ದ್ವೀಪದ ಒಂದು ಮಿಶ್ರತಳಿಯೊಂದಿಗೆ ಸೇರಿಸಿ ನಮ್ಮ ಕಾಫಿ ವಿಜ್ಞಾನಿಗಳು ಬೆಳೆಸಿದ ಗಿಡ ಅದು. ತಿಮೋರ್ ಕಡೆಯಿಂದ ತುಕ್ಕುರೋಗ ತಡೆಯುವ ಶಕ್ತಿ ಬಂತು, ಇಥಿಯೋಪಿಯಾ ಕಡೆಯಿಂದ ರುಚಿ ಬಂತು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾದಾಗ ಚಿಕ್ಕಮಗಳೂರು, ಕೊಡಗಿನ ಕಡೆ ಹೋದರೆ, ಸೆಲೆಕ್ಷನ್ 9 ಯಾವುದೆಂದು ಕೇಳಿ ತಿಳಿದು, ಅದರ ಹೂವನ್ನೊಮ್ಮೆ ಮೂಸಿ ನೋಡಿ.