ಮಗು ಫೇಲಾದರೆ ಮೇಷ್ಟ್ರ ಸಂಬಳ ಖೋತಾ!



ನಿಮಗೆ ಅಕ್ಷರ ಕಲಿಸಿದ ಮೇಷ್ಟ್ರ ಹೆಸರು ನಿಮಗೆ ನೆನಪಿದೆ. ಅವರ ಸಂಬಳ ಎಲ್ಲಿಂದ ಬರುತ್ತಿತ್ತು, ತಿಂಗಳು ತಿಂಗಳೂ ಬರುತ್ತಿತ್ತೇ ಎಂದು ಯಾವತ್ತಾದರೂ ಕೇಳಿದ್ದೀರಾ? ಇಲ್ಲ. ಇವತ್ತು ಆ ಮಾತನ್ನೇ ಆಡೋಣ.

೧೮೫೪ರಲ್ಲಿ ಲಂಡನ್ನಿನಿಂದ ಇಲ್ಲಿನ ಕಂಪನಿ ಸರ್ಕಾರಕ್ಕೆ ಒಂದು ಆದೇಶಪತ್ರ ಬಂತು. ಚಾರ್ಲ್ಸ್ ವುಡ್ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಖಾಸಗಿ ಶಾಲೆಗಳಿಗೆ ಅನುದಾನ ಕೊಡಿ, ಜನಸಾಮಾನ್ಯರಿಗೆ ಅವರವರ ನುಡಿಯಲ್ಲೇ ಕಲಿಸಿ ಎಂದಿತು ಅದು. ಕೇಳಲು ಎಷ್ಟು ಚೆಂದ! ಆದರೆ ಹಣ ಬಿಚ್ಚುವಾಗ ಬಂತು ನೋಡಿ ಕರಾಮತ್ತು.

೧೮೬೨ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಕಟ್ಟಳೆ ಬಂತು. ಒಂದು ಮಗುವಿಗೆ ವರ್ಷಕ್ಕೆ ೧೨ ಷಿಲಿಂಗ್. ಅದರಲ್ಲಿ ೪ ಹಾಜರಿಗೆ, ೮ ಪರೀಕ್ಷೆಗೆ. ಓದು, ಬರಹ, ಲೆಕ್ಕ ಮೂರರಲ್ಲಿ ಒಂದು ತಪ್ಪಿದರೂ ಪರೀಕ್ಷೆಯ ಹಣದ ಮೂರನೇ ಒಂದು ಪಾಲು ಕಟ್! ಇದೇ ಪದ್ಧತಿ ಅದೇ ದಶಕದಲ್ಲಿ ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ಕಾಲಿಟ್ಟಿತು. ನಮ್ಮ ಧಾರವಾಡ, ಬೆಳಗಾವಿ ಮುಂಬಯಿಯ ಕೈಯಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿನ ಕೈಯಲ್ಲಿ.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಬರುವುದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುವುದು. ಪಾಸಾದ ತಲೆಗಳನ್ನು ಎಣಿಸಿ ಹಣ ಬರೆಯುವುದು. ಆ ದಿನ ಮಗುವಿಗೆ ಜ್ವರ ಬಂದರೆ? ಸುಗ್ಗಿಯೆಂದು ಅಪ್ಪ ಹೊಲಕ್ಕೆ ಕರೆದೊಯ್ದರೆ? ವರ್ಷವಿಡೀ ಗಂಟಲು ಹರಿದುಕೊಂಡ ಮೇಷ್ಟ್ರ ಅನ್ನಕ್ಕೆ ಕಲ್ಲು! ಅವರೇನು ಮಾಡಬೇಕು? ಬಾಯಿಪಾಠ ಮಾಡಿಸಿದರು. ಪಾಸಾಗುವ ಹುಡುಗನನ್ನು ಮುದ್ದಿಸಿದರು, ನಿಧಾನವಾಗಿ ಕಲಿಯುವವನು ಹೊರೆಯಾದ. ತಪ್ಪು ಮೇಷ್ಟ್ರದಲ್ಲ ಗೆಳೆಯರೇ, ಹೊಟ್ಟೆಯನ್ನು ಅಂಕಪಟ್ಟಿಗೆ ಕಟ್ಟಿದವರದು.

ಕೊನೆಗೆ ೧೯೦೪ರಲ್ಲಿ, ಕರ್ಜನ್ನನ ಕಾಲದ ಶಿಕ್ಷಣ ನಿರ್ಣಯವೇ ಈ ಪದ್ಧತಿಗೆ ತಿಲಾಂಜಲಿ ಕೊಟ್ಟಿತು. ಪ್ರಾಥಮಿಕ ಶಿಕ್ಷಣಕ್ಕೆ ಸಲ್ಲಬೇಕಾದಷ್ಟು ಗಮನವೂ ಹಣವೂ ಸಂದಿಲ್ಲವೆಂದು ಅದೇ ನಿರ್ಣಯ ಒಪ್ಪಿಕೊಂಡಿತು. ಅಂದರೆ ದೇಶನುಡಿಯ ಶಾಲೆಗಳು ಅರ್ಧ ಶತಮಾನ ಅರೆಹೊಟ್ಟೆಯಲ್ಲಿ ನಡೆದವು ಎಂದಾಯಿತು. ಅದೇ ಕಾಲದಲ್ಲಿ ಉಡುಪಿಯಲ್ಲಿ ಮೇಷ್ಟ್ರಾಗಿದ್ದ ನಮ್ಮ ಮುದ್ದಣ ಬಡತನದಲ್ಲೇ ಬೆಂದು, ಕ್ಷಯರೋಗದಿಂದ ೧೯೦೧ರಲ್ಲಿ ತೀರಿಕೊಂಡ. ಆಗ ಅವನಿಗೆ ೩೧ ವರ್ಷ. ಕನ್ನಡ ಕಲಿಸುವವನ ಬದುಕಿಗೆ ಆ ಕಾಲ ಕಟ್ಟಿದ ಬೆಲೆ ಅಷ್ಟೇ.

ಬಿಳಿಯರು ಹೋದರು, ಲೆಕ್ಕದ ಪುಸ್ತಕ ಉಳಿಯಿತು. ಅನುದಾನಿತ, ಅನುದಾನರಹಿತ ಎಂಬ ಗೋಡೆ ಇಂದಿಗೂ ನಿಂತಿದೆ. ಒಂದೇ ಪಾಠ, ಒಂದೇ ಪರೀಕ್ಷೆ. ಸಂಬಳ ಮಾತ್ರ ಬೇರೆ! ಕನ್ನಡ ಉಳಿಯಲಿ ಎಂದು ಕೂಗುವ ನಾವು, ಕನ್ನಡ ಕಲಿಸುವವರ ಒಲೆ ಉರಿಯುತ್ತಿದೆಯೇ ಎಂದು ಕೇಳಬೇಡವೇ?

ನಿಮ್ಮ ಬಡಾವಣೆಯ ಕನ್ನಡ ಶಾಲೆಗೆ ಹೋಗಿ. ಮೇಷ್ಟ್ರಿಗೆ, ಟೀಚರಮ್ಮನಿಗೆ ಕೈಮುಗಿದು ಕೇಳಿ: ಸಂಬಳ ಬಂತೇ? ಪೂರ್ತಿ ಬಂತೇ? 'ಫಲಿತಾಂಶ ಕಡಿಮೆ, ಅನುದಾನ ನಿಲ್ಲಿಸಿ' ಎಂಬ ಮಾತು ಎಲ್ಲೇ ಕೇಳಿಬರಲಿ, ಎದ್ದು ನಿಂತು ಹೇಳಿ: ಸ್ವಾಮಿ, ಈ ಆಟವನ್ನು ಬ್ರಿಟಿಷರೇ ಆಡಿ, ಸೋತು, ೧೯೦೪ರಲ್ಲೇ ಕೈಬಿಟ್ಟಿದ್ದಾರೆ!