ಪಟದ ಭಗತ್ ಸಿಂಗ್, ಕಡತದ ಭಗತ್ ಸಿಂಗ್

(ಹುತಾತ್ಮರ ದಿನದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನೀವು ಹಾರ ಹಾಕಿರುವ ಈ ಪಟವನ್ನು ಒಮ್ಮೆ ನೋಡಿ. ತಲೆಗೆ ಹಳದಿ ಪೇಟ, ಹುರಿಮೀಸೆ, ಕೈಯಲ್ಲಿ ಪಿಸ್ತೂಲು. ಕ್ಯಾಲೆಂಡರುಗಳಲ್ಲಿ, ಲಾರಿಗಳ ಬೆನ್ನಮೇಲೆ ನಾವು ಕಂಡು ಬೆಳೆದ ಭಗತ್ ಸಿಂಗ್ ಈತನೇ. ಆದರೆ ಇಂಥದೊಂದು ಫೋಟೋ ಇಲ್ಲವೇ ಇಲ್ಲ.

ಇತಿಹಾಸಕಾರರು ಖಚಿತವೆಂದು ಒಪ್ಪುವ ಫೋಟೋಗಳು ನಾಲ್ಕು. ಬಾಲಕನಾಗಿದ್ದಾಗಿನದೊಂದು, ಲಾಹೋರಿನ ನ್ಯಾಷನಲ್ ಕಾಲೇಜಿನ ಗುಂಪಿನದೊಂದು. ಎರಡರಲ್ಲೂ ಪೇಟವಿದೆ, ಬಿಳಿಯದು. 1927ರಲ್ಲಿ ಪೊಲೀಸರ ವಶದಲ್ಲಿದ್ದಾಗ ಬರಿದಲೆಯಲ್ಲಿ ಮಂಚದ ಮೇಲೆ ಕುಳಿತದ್ದು ಮೂರನೆಯದು. ಕೊನೆಯದು ಹ್ಯಾಟಿನದು. 1929ರ ಏಪ್ರಿಲ್‌ನಲ್ಲಿ, ಅಸೆಂಬ್ಲಿಗೆ ಬಾಂಬು ಎಸೆಯುವ ಕೆಲವೇ ದಿನ ಮೊದಲು, ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಮರಳಿ ಬರಲಾರೆವೆಂದು ಬಲ್ಲವರು ಮುಂದಾಲೋಚನೆಯಿಂದ ತೆಗೆಸಿಕೊಂಡ ಚಿತ್ರ ಅದು. ನಾಲ್ಕರಲ್ಲೊಂದರಲ್ಲೂ ಪಿಸ್ತೂಲಿಲ್ಲ.

ಪೇಟವೋ ಹ್ಯಾಟೋ, ಏನು ಮಹಾ ಎನ್ನಬಹುದು. ಒಪ್ಪೋಣ. ಆದರೆ ಗಲ್ಲಿಗೇರಿಸಿದ್ದು ಯಾಕೆ ಎಂದು ಕೇಳಿ ನೋಡಿ. ಅಸೆಂಬ್ಲಿಯಲ್ಲಿ ಬಾಂಬು ಎಸೆದದ್ದಕ್ಕೆ ಎಂದು ಬಹಳ ಮಂದಿ ಹೇಳುತ್ತಾರೆ. ಅಲ್ಲ. ಆ ಮೊಕದ್ದಮೆಯಲ್ಲಿ ಆತನಿಗೂ ಬಟುಕೇಶ್ವರ ದತ್ತರಿಗೂ ಆದದ್ದು ಜೀವಾವಧಿ ಗಡೀಪಾರು. ನೇಣಿಗೆ ಕಾರಣ ಲಾಹೋರಿನಲ್ಲಿ 1928ರ ಡಿಸೆಂಬರ್ 17ರಂದು ನಡೆದ ಪೊಲೀಸ್ ಅಧಿಕಾರಿ ಸಾಂಡರ್ಸ್‌ನ ಕೊಲೆ. ಗುರಿಯಿದ್ದದ್ದು ಸ್ಕಾಟ್ ಎಂಬ ಬೇರೊಬ್ಬ ಅಧಿಕಾರಿಯ ಮೇಲೆ, ಸತ್ತವನು ಇವನು. ಬೆನ್ನಟ್ಟಿದ ಚನನ್ ಸಿಂಗ್ ಎಂಬ ಹೆಡ್ ಕಾನ್‌ಸ್ಟೇಬಲ್ಲೂ ಸತ್ತ. ಪಟದ ಪಿಸ್ತೂಲಿಗೆ ಕೈಮುಗಿಯುವವರು ಈ ತಪ್ಪು ಗುರಿಯ ಮಾತೆತ್ತುವುದು ಕಡಿಮೆ. ನನಗೂ ಹೇಳಲು ಕಷ್ಟವೇ, ಆದರೆ ಕಡತದಲ್ಲಿದೆ. ವಿಶೇಷ ನ್ಯಾಯಮಂಡಳಿಯೊಂದನ್ನು ಸುಗ್ರೀವಾಜ್ಞೆಯಿಂದ ರಚಿಸಿ, ಆರೋಪಿಗಳ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ, 1930ರ ಅಕ್ಟೋಬರ್ 7ರಂದು ಮರಣದಂಡನೆ ವಿಧಿಸಿದ್ದೂ ಅದೇ ಕಡತದಲ್ಲಿದೆ. ಪ್ರತಿ ವರ್ಷ ಫೆಬ್ರವರಿ 14 ಬಂದರೆ, ಅಂದೇ ಶಿಕ್ಷೆಯಾಯಿತೆಂಬ ಸಂದೇಶ ಮೊಬೈಲಿಗೆ ಬರುತ್ತದಲ್ಲ, ಅದು ಶುದ್ಧ ಸುಳ್ಳು.

ದಂತಕಥೆ ಬಿಟ್ಟುಬಿಟ್ಟದ್ದು ಆತನ ಓದನ್ನು. ಸೆರೆಮನೆಯಲ್ಲಿ ಓದಿದ್ದನ್ನೆಲ್ಲ ಬರೆದಿಟ್ಟುಕೊಂಡ ಟಿಪ್ಪಣಿ ಪುಸ್ತಕ ಉಳಿದಿದೆ. ಮಾರ್ಕ್ಸ್, ರೂಸೋ, ಕವಿಗಳು ಎಲ್ಲ ಅದರಲ್ಲಿದ್ದಾರೆ. ತಾನೇಕೆ ನಾಸ್ತಿಕ ಎಂಬುದರ ಬಗ್ಗೆ ಬರೆದ ಪ್ರಬಂಧ, ಆತ ಸತ್ತ ಮೇಲೆ 1931ರ ಸೆಪ್ಟೆಂಬರ್‌ನಲ್ಲಿ ಲಾಹೋರಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಾವು ಎದುರಿಗಿರುವಾಗ ದೇವರ ಆಸರೆ ಬೇಡವೆಂದ ಆ ಇಪ್ಪತ್ತಮೂರರ ಹುಡುಗನ ಪಟಕ್ಕೆ ನಾವು ಊದುಬತ್ತಿ ಹಚ್ಚುತ್ತೇವೆ!

ಕೊನೆಯ ಗಳಿಗೆಯ ಬಗ್ಗೆಯೂ ಕಥೆಗಳು ಬೇಕಾದಷ್ಟಿವೆ. ಕುಣಿಕೆಗೆ ಮುತ್ತಿಟ್ಟ ಎನ್ನುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಗಲ್ಲಿಗೆ ಮೂರು ದಿನ ಮೊದಲು ಪಂಜಾಬಿನ ಗವರ್ನರಿಗೆ ಆತ, ಸುಖದೇವ್, ರಾಜಗುರು ಮೂವರ ಹೆಸರಿನಲ್ಲಿ ಹೋದ ಪತ್ರ. ಅದರಲ್ಲಿ ಕ್ಷಮೆಯ ಸುದ್ದಿಯೇ ಇಲ್ಲ. ನಿಮ್ಮ ನ್ಯಾಯಾಲಯವೇ ನಾವು ರಾಜನ ವಿರುದ್ಧ ಯುದ್ಧ ಹೂಡಿದೆವೆಂದು ತೀರ್ಪು ಕೊಟ್ಟಿದೆ. ಹಾಗಾದರೆ ನಾವು ಯುದ್ಧಕೈದಿಗಳು. ನೇಣು ಬೇಡ, ಸೈನಿಕರನ್ನು ಕಳಿಸಿ ಗುಂಡಿಕ್ಕಿಸಿ ಎಂಬುದು ಅದರ ಸಾರ.

ಸರ್ಕಾರ ಒಪ್ಪಲಿಲ್ಲ. 24ರ ಬೆಳಗಿಗೆಂದು ಗೊತ್ತಾಗಿದ್ದ ನೇಣನ್ನು 1931ರ ಮಾರ್ಚ್ 23ರ ಸಂಜೆಯೇ ಮುಗಿಸಿ, ದೇಹಗಳನ್ನು ಗುಟ್ಟಾಗಿ ಸಾಗಿಸಿ, ಸತ್ಲೆಜ್ ದಂಡೆಯಲ್ಲಿ ಸುಟ್ಟಿತು.