4,000 ಫಾಲೋವರ್ಸ್, 26 ಪುಸ್ತಕ

ನಾನು ಗದಗ ಜಿಲ್ಲೆ ರೋಣದವಳು. 1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ ಊರು ಅಂದ್ರೆ ಕೆಲವರಿಗೆ ಗೊತ್ತಾಗ್ತದೆ. ನಾನು ಫೋನಿನಲ್ಲೇ ಕಥೆ ಬರೆಯೋಳು. ಆನ್‌ಲೈನ್‌ನಲ್ಲಿ ಬರೆಯೋರು ತಮ್ಮ ಓದುಗರನ್ನ ಹೇಗೆ ಕಟ್ಟಿಕೊಳ್ಳಬೇಕು ಅಂತ ಮಾತಾಡೋಕೆ ಕರೆದಿದ್ದಾರೆ. ಅದಕ್ಕೂ ಮೊದಲು ನಾನು ಹೇಗೆ ಕೆಟ್ಟೆ ಅಂತ ಹೇಳಬೇಕು.

ಒಂದು ಕಥೆ ಆ್ಯಪ್‌ನಲ್ಲಿ ನನಗೆ 4,000 ಫಾಲೋವರ್ಸ್ ಇದ್ದರು. ಒಂದೊಂದು ಕಂತಿಗೆ ಇನ್ನೂರು ಮುನ್ನೂರು ಹಾರ್ಟ್ ಬೀಳ್ತಿದ್ದವು. "ಪುಸ್ತಕ ಮಾಡಿ ಅಕ್ಕ, ನಾವು ತಗೋತೀವಿ" ಅಂತ ದಿನಾ ಮೆಸೇಜು. ನಂಬಿದೆ. ಅವ್ವ ತನ್ನ ಮಹಿಳಾ ಸಂಘದಲ್ಲಿ ಸಾಲ ತೆಗೆದಳು, 32,000 ರೂಪಾಯಿ. 300 ಪ್ರತಿ ಹಾಕಿಸಿದೆ, ಬೆಲೆ 150. ಪುಸ್ತಕದ ಫೋಟೋಗೆ 600 ಹಾರ್ಟ್ ಬಂದವು. ಮೊದಲ ತಿಂಗಳು ಖರ್ಚಾಗಿದ್ದು 26 ಪುಸ್ತಕ. ಅದರಲ್ಲಿ ಐದು ನಮ್ಮ ಸಂಬಂಧಿಕರವು.

ಉಳಿದದ್ದು ಎರಡು ಗೋಣಿಚೀಲದಲ್ಲಿ ಜೋಳದ ಚೀಲದ ಪಕ್ಕ ಕೂತವು. ಪ್ರತಿ ವಾರ ಸಂಘದ ಕಂತು ಕಟ್ಟೋಕೆ ಹೋಗುವಾಗ ಅವ್ವ ಆ ಚೀಲ ದಾಟಿಕೊಂಡೇ ಹೋಗಬೇಕು. ಏನೂ ಅಂತಿರಲಿಲ್ಲ. ಒಂದು ದಿನ ಮಾತ್ರ, "ಇಲಿ ಹತ್ತತಾವ, ಮ್ಯಾಲೆ ಇಡು" ಅಂದಳು. ಅವತ್ತು ಆ್ಯಪ್ ತೆಗೆದುಹಾಕಿದೆ.

ಆಮೇಲೆ ಒಂದು ವಾರ ಕಥೆ ಬಿಟ್ಟು ಬೇರೆ ಏನೇನೋ ಓದಿದೆ. ಗಳಗನಾಥರ ಬಗ್ಗೆ ಓದಿದ್ದು ಆಗಲೇ. ಹೆಸರು ಶಾಲೆಯಲ್ಲಿ ಕೇಳಿರ್ತೀರಿ. ವೆಂಕಟೇಶ ತಿರಕೋ ಕುಲಕರ್ಣಿ, ಹಾವೇರಿ ಕಡೆಯ ಗಳಗನಾಥದವರು, 1869ರಲ್ಲಿ ಹುಟ್ಟಿದವರು, ಶಾಲೆ ಮಾಸ್ತರರು. ನಮ್ಮ ಕಡೆ ಓದುವವರು ಮರಾಠಿ ಕಾದಂಬರಿ ಓದ್ತಿದ್ದ ಕಾಲದಲ್ಲಿ ಇವರು ಕನ್ನಡದಲ್ಲಿ ಕಾದಂಬರಿ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಪರೀಕ್ಷೆಗೆ ಇದನ್ನ "ಕನ್ನಡ ಸೇವೆ" ಅಂತ ಬರೆದು ಅಂಕ ತಗೊಂಡಿದ್ದೆ. ಗೋಣಿಚೀಲದ ಮುಂದೆ ಕೂತು ಓದಿದಾಗ ಬೇರೆ ಅರ್ಥ ಹೊಳೀತು. ಅವರು ಪುಸ್ತಕ ಮಾರೋಕೆ ಹೋದಾಗ ಓದುಗರ ಮುಖ ನೋಡಿದರು. ನನ್ನ 4,000 ಜನರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ.

ಅವರು ನಡೆದರು. ನನಗೆ ಆ ಕಷ್ಟ ಇಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲೇ ಶುರುವಾಗಿತ್ತು, ಆಧಾರ್ ತೋರಿಸಿದ್ರೆ ಜೀರೋ ಟಿಕೆಟ್. ಆ್ಯಪ್ ಮತ್ತೆ ಹಾಕ್ಕೊಂಡು ಒಂದೇ ಸಾಲು ಬರೆದೆ: "ಗಜೇಂದ್ರಗಡದವರು ಯಾರಿದ್ದೀರಿ? ಭಾನುವಾರ ಬರ್ತೀನಿ, ಬಸ್ ಸ್ಟ್ಯಾಂಡಿಗೆ ಬರ್ತೀರಾ?" ಒಂಬತ್ತು ಜನ ಹೂಂ ಅಂದರು. ಬಂದವರು ನಾಲ್ಕು.

ಆ ನಾಲ್ಕರಲ್ಲಿ ಒಬ್ಬರು ಕೈಮಗ್ಗದಲ್ಲಿ ಸೀರೆ ನೇಯೋ ಅಕ್ಕ. ಗಜೇಂದ್ರಗಡ ಅಂದ್ರೆ ಸೀರೆ, ನಿಮಗೆ ಗೊತ್ತು. ಮನೆಗೆ ಕರ್ಕೊಂಡು ಹೋದರು, ಚಹಾ ಆಯ್ತು, ಒಂದು ಪುಸ್ತಕ ತಗೊಂಡರು. ಆಮೇಲೆ ಅಂದರು, "ಖರೇ ಹೇಳ್ಲೇನವಾ? ನಿನ್ನ ಕಥಿ ನಾ ಪೂರ್ತಿ ಓದಿಲ್ಲ. ಎರಡೂ ಕೈ ಮಗ್ಗದ ಮ್ಯಾಲ ಇರ್ತಾವು, ಫೋನ್ ಹಿಡಿಯೋದು ಯಾವಾಗ? ಮಗಳು ರಾತ್ರಿ ಓದಿ ಹೇಳ್ತಿದ್ಲು, ಆಕಿ ಹಾಸ್ಟೆಲ್‌ಗೆ ಹೋದ್ಲು, ನಿಂತು ಹೋತು. ನೀನ ಓದಿ ಕಳಸು."

ಆ ರಾತ್ರಿ ಅಡುಗೆಮನೆ ಬಾಗಿಲು ಹಾಕ್ಕೊಂಡು ಮೊದಲ ಕಂತು ಓದಿ ವಾಯ್ಸ್ ಕಳಿಸಿದೆ. ಹನ್ನೆರಡು ನಿಮಿಷ. ಹಿಂದೆ ಫ್ಯಾನ್ ಸದ್ದು, ನಡುವೆ ಒಂದು ಕೆಮ್ಮು. ಮರುದಿನ ಅವರಿಂದ ವಾಯ್ಸ್ ಬಂತು. ಮಾತಿಗಿಂತ ಜಾಸ್ತಿ ಲಾಳಿ ಸದ್ದೇ ಇತ್ತು. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೋತಾರಂತೆ, ಇನ್ನೊಂದು ಕಿವಿ ಮಗ್ಗಕ್ಕೆ. ಒಂದು ವಾರದಲ್ಲಿ ಅವರು ಆರು ಜನರ ನಂಬರ್ ಕೊಟ್ಟರು, ಎಲ್ಲಾ ಮಗ್ಗದವರೇ.

ಈಗ ಒಂದು ಉಪಯೋಗದ ಮಾತು. ನಾನು ಅವರನ್ನ ಗ್ರೂಪ್ ಮಾಡಲಿಲ್ಲ, ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ನಿಮ್ಮ ನಂಬರನ್ನ ಸೇವ್ ಮಾಡ್ಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗ್ತದೆ. ಅವರು ಕೊಡೋ ಉತ್ತರ ನಿಮಗೊಬ್ಬರಿಗೇ ಬರ್ತದೆ. ಒಬ್ಬರು ನಿಮ್ಮ ಹೆಸರು ಟೈಪ್ ಮಾಡಿ ಸೇವ್ ಮಾಡ್ಕೊಂಡ್ರು ಅಂದ್ರೆ ಅದು ಹಾರ್ಟ್ ಒತ್ತಿದ ಹಾಗಲ್ಲ.

ಗ್ರೂಪ್ ಯಾಕೆ ಬೇಡ ಅಂದ್ರೆ, ಮೊದಲು ಒಂದು ಗ್ರೂಪ್ ಇತ್ತು. ಅಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಇದನ್ನ ಹೇಳೋಕೆ ಈಗಲೂ ಸಂಕೋಚ.

ನನ್ನ ಕಥೆಯ ಹುಡುಗ ಜೂನ್‌ನಲ್ಲಿ ಮೊದಲ ಮಳೆಗೆ ಹೊಲಕ್ಕೆ ಹೋಗಿ ಕಡ್ಲಿ ಬಿತ್ತುತ್ತಾನೆ. ನಮಗೆ ಹೊಲ ಇಲ್ಲ, ನಾನು ಅಂದಾಜಿನ ಮೇಲೆ ಬರೆದದ್ದು. ನರಗುಂದ ಕಡೆಯ ಒಬ್ಬ ರೈತರು ಬರೆದರು: "ಮುಂಗಾರಿಗೆ ಯಾರವಾ ಕಡ್ಲಿ ಬಿತ್ತೋರು? ಹೆಸರು ಬಿತ್ತಸು. ಕಡ್ಲಿ ಹಿಂಗಾರಿ ಬೆಳಿ." ಅಷ್ಟೇ. ಅದರ ಕೆಳಗೆ ನನ್ನ 'ಸೂಪರ್ ಅಕ್ಕ' ಪಡೆ ಅವರ ಮೇಲೆ ಮುಗಿಬಿತ್ತು. ಕಥೆ ಓದೋಕೆ ಬರ್ತದಾ ನಿಮಗೆ, ಬರೀ ತಪ್ಪು ಹುಡುಕ್ತೀರಾ ಅಂತ. ನನಗೆ ಒಳಗೊಳಗೇ ಖುಷಿ, ನನ್ನ ಪರ ಇಷ್ಟು ಜನ ಇದ್ದಾರಲ್ಲ ಅಂತ. ಜಗಳ ನಿಲ್ಲಿಸೋ ನೆಪದಲ್ಲಿ ಅವರನ್ನ ಗ್ರೂಪಿಂದ ತೆಗೆದೆ. ಪುಸ್ತಕದಲ್ಲೂ ಕಡ್ಲಿ ಜೂನ್‌ನಲ್ಲೇ ಅಚ್ಚಾಯ್ತು. ಅವತ್ತು ಮುಗಿಬಿದ್ದವರಲ್ಲಿ ಒಬ್ಬರೂ ಆ ಪುಸ್ತಕ ತಗೊಂಡಿಲ್ಲ, ಲೆಕ್ಕ ನೋಡಿದ್ದೀನಿ.

ಗಜೇಂದ್ರಗಡದಿಂದ ಬಂದ ಮೇಲೆ ಅವರಿಗೆ ಫೋನ್ ಮಾಡಿದೆ. ತಪ್ಪಾಯ್ತು ಕಾಕಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾ, ಕಡ್ಲಿ ಹೊಲ ತೋರಸ್ತೀನಿ" ಅಂದರು. ಜನವರಿ. ನರಗುಂದ ಗುಡ್ಡದ ಹಿಂದಿನಿಂದ ಬಿಸಿಲು ಏರ್ತಾ ಇತ್ತು. ಕಡ್ಲಿ ಗಿಡದ ಮೇಲೆ ತೆಳ್ಳನೆ ಬಟ್ಟೆ ಹಾಸಿದ್ದರು. ಎಲೆಯ ಹುಳಿ ಇಬ್ಬನಿ ಜೊತೆ ಬಟ್ಟೆಗೆ ಇಳೀತದೆ, ಅದನ್ನ ಹಿಂಡಿ ಇಟ್ಟುಕೊಳ್ತಾರೆ, ಹೊಟ್ಟೆನೋವಿಗೆ. ಬೆರಳಿಗೆ ಹಚ್ಚಿ ನೆಕ್ಕಿಸಿದರು, ಹಲ್ಲು ಜುಮ್ಮಂತು. "ಈ ರುಚಿ ಗೊತ್ತಿದ್ರ ನೀ ಕಡ್ಲಿ ಜೂನ್‌ನ್ಯಾಗ ಬಿತ್ತಸ್ತಿದ್ದಿಲ್ಲ" ಅಂದರು. 150 ರೂಪಾಯಿ ಎಣಿಸಿ ಕೊಟ್ಟು ಪುಸ್ತಕ ತಗೊಂಡರು. ಬೇಡ ಕಾಕಾ ಅಂದ್ರೂ ಕೇಳಲಿಲ್ಲ. ಲಿಸ್ಟಿಗೆ ನಂಬರ್ ಹಾಕ್ಲಾ ಅಂದೆ. "ಬ್ಯಾಡವಾ. ಒಮ್ಮೆ ಹೊರಗ ಹಾಕೀರಿ, ಸಾಕು. ಪುಸ್ತಕ ಬಂದ್ರ ತಂದು ಕೊಡು."

ಅವತ್ತಿನಿಂದ ಯಾವ ಕಂತನ್ನೂ ನಾಲ್ಕು ಜನಕ್ಕೆ ಕೇಳಿಸದೆ ಕಳಿಸಲ್ಲ. ನಾಲ್ವರೂ ಬೇರೆ ಬೇರೆ ಕೆಲಸದವರು. ತಪ್ಪು ಹೇಳಿದವರ ಮಾತು ಮುಂದಿನ ಶನಿವಾರ ನನ್ನ ದನಿಯಲ್ಲೇ ಓದ್ತೀನಿ. ಹೊಗಳಿದ್ದು ಓದಲ್ಲ.

ಇನ್ನು ದುಡ್ಡಿನ ಮಾತು, ಎಲ್ಲರೂ ಕೇಳೋದು ಇದನ್ನೇ. ಧಾರವಾಡದ ಮನೋಹರ ಗ್ರಂಥಮಾಲೆ ನೋಡಿ. ಗದಗ ಹತ್ತಿರದ ಹೊಂಬಳದ ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ಓದುಗರು ವರ್ಷದ ಚಂದಾ ಮೊದಲೇ ಕಟ್ಟೋರು, ಪುಸ್ತಕ ಬಂದ ಹಾಗೆ ಮನೆಗೆ ಹೋಗೋದು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಹೊರಗೆ ಬಂದದ್ದೂ ಅಲ್ಲಿಂದಲೇ. ಲೇಖಕ ಆಗ ಆಕ್ಸ್‌ಫರ್ಡ್‌ನಲ್ಲಿ ಓದ್ತಿದ್ದ ಹುಡುಗ, ಹೆಸರೇ ಕೇಳಿರದವರ ಪುಸ್ತಕ. ಇಂಥದ್ದಕ್ಕೆಲ್ಲ ಮುಂಗಡ ಕೊಟ್ಟು ಕಾದ ಚಂದಾದಾರರನ್ನ ನೆನೆಸಿಕೊಂಡರೆ ನನಗೆ ಲೇಖಕರಿಗಿಂತ ಅವರ ಮೇಲೇ ಪ್ರೀತಿ ಬರ್ತದೆ.

ಅದನ್ನೇ ನಾನು ಸಣ್ಣದಾಗಿ ಮಾಡಿದೆ. ಲಿಸ್ಟಿನಲ್ಲಿ ಈಗ 140 ಜನ ಇದ್ದಾರೆ. 4,000 ಅಲ್ಲ. ಎರಡನೇ ಪುಸ್ತಕಕ್ಕೆ ಮುಂಗಡ ಕೇಳಿದಾಗ 83 ಜನ ಕಳಿಸಿದರು. ಮಗ್ಗದ ಅಕ್ಕ 50ರ ಹಾಗೆ ಮೂರು ಸಲ ಕಳಿಸಿದರು. ಆ ದುಡ್ಡು ಬೇರೆ ಖಾತೆಯಲ್ಲಿ ಇಟ್ಟಿದ್ದೀನಿ, ಒಂದು ರೂಪಾಯಿ ಮುಟ್ಟಿಲ್ಲ. ಪುಸ್ತಕ ತಡವಾದಾಗ ತಡ ಅಂತ ಹೇಳಿದೆ, ಮೂವರು ವಾಪಸ್ ಕೇಳಿದರು, ಅವತ್ತೇ ಕೊಟ್ಟೆ. ಮೊದಲ ಪುಸ್ತಕದ ಚೀಲದಲ್ಲಿ ಇನ್ನೂ 89 ಪ್ರತಿ ಇದಾವೆ. ಅವ್ವನ ಸಾಲ ಹೋದ ತಿಂಗಳು ತೀರಿತು. ಪಾಸ್‌ಬುಕ್ ತಂದು ಟಿವಿ ಮೇಲೆ ಇಟ್ಟಳು, ಏನೂ ಮಾತಾಡಲಿಲ್ಲ.

ಎರಡನೇ ಪುಸ್ತಕ ಪ್ರೆಸ್‌ನಲ್ಲಿದೆ. ಬಂದ ದಿನ ಒಂದು ಪ್ರತಿ ತಗೊಂಡು ಮೊದಲು ನರಗುಂದದ ಬಸ್ ಹತ್ತಬೇಕು. ಈ ಸಲ ಕಥೆಯಲ್ಲಿ ಕಡ್ಲಿ ಇಲ್ಲ, ಉಳ್ಳಾಗಡ್ಡಿ ಇದೆ. ಏನು ತಪ್ಪು ಮಾಡಿದ್ದೀನೋ, ಕಾಕಾ ಹೇಳ್ತಾರೆ.